ಹಳೆಯ ಹೊಲಿಗೆ ಎಷ್ಟು ಗಟ್ಟಿ?

‘ಮೊದಲನೆಯದು ಸಿಸೇರಿಯನ್. ಈ ಸಲವಾದರೂ ಸಹಜ ಹೆರಿಗೆ ಆದೀತೇ ಡಾಕ್ಟ್ರೇ?’ ಮತ್ತೆ ಗರ್ಭಿಣಿಯಾದ ಮಗಳನ್ನು ಆಸ್ಪತ್ರೆಗೆ ಕರೆತರುವ ತಾಯಂದಿರ ಪ್ರಶ್ನೆ ಇದು. ಉತ್ತರವಿರುವುದು ಹೊಟ್ಟೆಯ ಮೇಲೆ ಕಾಣುವ ಕಲೆಯಲ್ಲಲ್ಲ, ಒಳಗೆ ಗರ್ಭಕೋಶದ ಗೋಡೆಯಲ್ಲಿರುವ ಕಲೆಯಲ್ಲಿ.

ಗರ್ಭಕೋಶ ಸ್ನಾಯುವಿನ ಚೀಲ. ಕೊಯ್ದು ಹೊಲಿದ ಗಾಯ ಮಾಯುವಾಗ ಅಲ್ಲಿ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಅದು ಸ್ನಾಯುವಿನಷ್ಟು ಹಿಗ್ಗಲಾರದು. ಹೆರಿಗೆ ನೋವಿನ ಒತ್ತಡಕ್ಕೆ ಆ ಜಾಗ ಬಿರಿದರೆ ತಾಯಿಗೆ ಒಳರಕ್ತಸ್ರಾವವಾಗುತ್ತದೆ, ಮಗುವಿಗೆ ಆಮ್ಲಜನಕದ ಕೊರತೆ ಉಂಟಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಎರಡು ಜೀವಗಳಿಗೂ ಅಪಾಯ.

ಒಮ್ಮೆ ಸಿಸೇರಿಯನ್ ಆದವರಿಗೆ ಮುಂದೆಯೂ ಅದೇ ಗತಿ ಎಂಬರ್ಥದ ಮಾತನ್ನು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ 1916ರಲ್ಲಿ ಹೇಳಿದ್ದರು. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯುವುದು ರೂಢಿಯಲ್ಲಿತ್ತು. ಕೆಳಭಾಗವನ್ನು ಅಡ್ಡಲಾಗಿ ಕೊಯ್ಯುವ ವಿಧಾನಕ್ಕೆ 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಒತ್ತು ಕೊಟ್ಟರು. ಹೆರಿಗೆಯ ವೇಳೆ ಆ ಭಾಗ ಅಷ್ಟಾಗಿ ಸಂಕುಚಿಸುವುದಿಲ್ಲ. ಹೀಗೆ ಒಮ್ಮೆ ಕೊಯ್ಸಿಕೊಂಡು, ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸುವವರಲ್ಲಿ ಕಲೆ ಬಿರಿಯುವುದು ಸಾವಿರಕ್ಕೆ ಸುಮಾರು ಐದು ಮಂದಿಗೆ.

ಆ ಐವರು ಯಾರೆಂದು ಮೊದಲೇ ತಿಳಿಯಬಹುದೇ? ಅಲ್ಟ್ರಾಸೌಂಡ್ ಇಲ್ಲಿ ನೆರವಿಗೆ ಬರುತ್ತದೆ. ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಗೋಡೆಯ ಎರಡು ಅಂಚುಗಳಿಂದ ಬರುವ ಪ್ರತಿಧ್ವನಿಗಳ ನಡುವಿನ ಸಮಯದಿಂದ ಯಂತ್ರ ಅದರ ದಪ್ಪವನ್ನು ಲೆಕ್ಕ ಹಾಕುತ್ತದೆ.

ಫ್ರಾನ್ಸಿನ ರೋಜನ್‌ಬರ್ಗ್ ಮತ್ತು ಸಂಗಡಿಗರು 642 ಗರ್ಭಿಣಿಯರನ್ನು 36ರಿಂದ 38ನೇ ವಾರದಲ್ಲಿ ಹೀಗೆ ಪರೀಕ್ಷಿಸಿ, 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಇಟ್ಟುಕೊಂಡ ಗಡಿ 3.5 ಮಿ.ಮೀ. ಗೋಡೆ ಅದಕ್ಕಿಂತ ದಪ್ಪವಿದ್ದ ನೂರು ಮಂದಿಯಲ್ಲಿ 99ಕ್ಕೂ ಹೆಚ್ಚು ಮಂದಿಯ ಕಲೆ ಭದ್ರವಾಗಿತ್ತು. ತೆಳುವಾಗಿದ್ದವರಲ್ಲಿ ದೋಷ ಕಂಡದ್ದು ನೂರಕ್ಕೆ ಸುಮಾರು 12 ಮಂದಿಯಲ್ಲಿ ಮಾತ್ರ.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ‘ದಪ್ಪ’ ಎಂಬ ವರದಿ ಧೈರ್ಯ ತುಂಬಬಲ್ಲದು. ಆದರೆ ‘ತೆಳು’ ಎಂದಾಕ್ಷಣ ಗೋಡೆ ಬಿರಿದೇ ಬಿಡುತ್ತದೆ ಎಂದಲ್ಲ. ಒಂದು ಮಿ.ಮೀ. ಹೆಚ್ಚುಕಡಿಮೆಯಾದರೂ ವರದಿ ತಲೆಕೆಳಗಾದೀತು. ಎಲ್ಲ ವೈದ್ಯರೂ ಒಪ್ಪಿದ ಒಂದೇ ಗಡಿ ಇಂದಿಗೂ ಇಲ್ಲ.

ಆದ್ದರಿಂದ ವೈದ್ಯರು ಸ್ಕ್ಯಾನ್ ಒಂದನ್ನೇ ನೆಚ್ಚುವುದಿಲ್ಲ. ಹಿಂದೆ ಒಳಗೆ ಕೊಯ್ದದ್ದು ಹೇಗೆ, ಏಕೆ, ಎರಡು ಹೆರಿಗೆಗಳ ನಡುವೆ ಎಷ್ಟು ಅಂತರವಿದೆ, ಮೊದಲು ಸಹಜ ಹೆರಿಗೆ ಆಗಿತ್ತೇ ಎಂದೆಲ್ಲ ವಿಚಾರಿಸುತ್ತಾರೆ. ಹೆರಿಗೆ ನೋವು ಶುರುವಾದ ಮೇಲೆ ಮಗುವಿನ ಎದೆಬಡಿತವನ್ನು ಗಮನಿಸುತ್ತಲೇ ಇರಬೇಕು. ಬೇಕೆನಿಸಿದ ಕೂಡಲೇ ಶಸ್ತ್ರಕ್ರಿಯೆ ಮಾಡಬಲ್ಲ ಆಸ್ಪತ್ರೆಯೇ ಇದಕ್ಕೆ ತಕ್ಕ ಜಾಗ.

ಮನೆಯವರು ಮಾಡಬಹುದಾದ ಕೆಲಸವೂ ಒಂದಿದೆ. ಚರ್ಮದ ಮೇಲಿನ ಕಲೆ ಅಡ್ಡಲಾಗಿದ್ದರೂ ಒಳಗಿನದು ಹಾಗೇ ಇರಬೇಕೆಂದಿಲ್ಲ. ಅದನ್ನು ತಿಳಿಸುವುದು ಮೊದಲ ಹೆರಿಗೆಯ ಡಿಸ್ಚಾರ್ಜ್ ಚೀಟಿ. ಆ ಚೀಟಿಯನ್ನು ಜೋಪಾನವಾಗಿಟ್ಟು ಮುಂದಿನ ಬಸಿರಿನ ಮೊದಲ ಭೇಟಿಯಲ್ಲೇ ವೈದ್ಯರಿಗೆ ತೋರಿಸಬೇಕು.