ಮತದಾರಳ ಹೆಸರು

ಪ್ರಜಾಪ್ರಭುತ್ವದಲ್ಲಿ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಎಣಿಕೆಗೆ ಸಲ್ಲುವರೆಂಬುದೇ ಮೂಲತತ್ತ್ವವೆಂದು ನಾವು ಬಗೆಯುತ್ತೇವೆ. ನಮ್ಮ ರಾಜ್ಯಾಂಗವು ಸ್ತ್ರೀಪುರುಷಭೇದವೆಣಿಸದೆ, ಆಸ್ತಿಯನ್ನೂ ಓದನ್ನೂ ಕೇಳದೆ, ವಯಸ್ಕರೆಲ್ಲರಿಗೂ ಮತಾಧಿಕಾರವನ್ನು ಕೊಟ್ಟಿತು. ಆದರೆ 1951-52ರ ಪ್ರಥಮ ಮಹಾಚುನಾವಣೆಗಾಗಿ ಪಟ್ಟಿ ಬರೆಯಹೋದಾಗ, ವಿಶೇಷವಾಗಿ ಉತ್ತರದ ಪ್ರಾಂತಗಳಲ್ಲಿ, ಅನೇಕ ಸ್ತ್ರೀಯರು ಪರಪುರುಷರೆದುರು ತಮ್ಮ ಹೆಸರನ್ನೇ ಹೇಳಲೊಲ್ಲದೆ ಇಂಥವನ ತಾಯಿ, ಇಂಥವನ ಹೆಂಡತಿಯೆಂದು ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದಕ್ಕೊಪ್ಪಲಿಲ್ಲ. ಹೆಸರು ತಿಳಿಸದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿಯಬೇಕಾಯಿತು. ಇದು ಕಠಿಣವೇ ಸರಿ, ಆದರೂ ಅನ್ಯಾಯವೆನ್ನಲಾರೆವು. ಗಂಡನ ಹೆಸರಿನಲ್ಲಿ ಬಂದ ಮತವು ಗಂಡನದೇ ಎರಡನೆಯ ಮತವಾಗದೆ ಇದ್ದೀತೆ? ಹಾಜರಿಪುಸ್ತಕದಲ್ಲಿ ತನ್ನ ಹೆಸರಿಗೆ ನಿತ್ಯವೂ ಓಗೊಟ್ಟ ಬಾಲಕಿಗೆ ಆ ಸಂಕೋಚವಿರದು. 1989ರಲ್ಲಿ ಮತದ ವಯಸ್ಸು 21ರಿಂದ 18ಕ್ಕಿಳಿದುದರಿಂದ, ಶಾಲೆ ಬಿಟ್ಟ ಎರಡು ಮೂರು ವರ್ಷಗಳಲ್ಲೇ ನಮ್ಮ ಹುಡುಗಿಯರು ಪಟ್ಟಿಗೆ ಸೇರತಕ್ಕವರಾಗಿದ್ದಾರೆ.