ಕೂಲಿಯ ಲೆಕ್ಕ ಕೇಳುವುದೂ ಧರ್ಮವೇ



ದುಡಿಮೆಯನ್ನೇ ಪೂಜೆಯೆಂದು ಕಂಡ ನಾಡು ನಮ್ಮದು. ಆದರೆ ದುಡಿದವನ ಕೈಗೆ ಅವನ ಪಾಲು ಪೂರ್ತಿ ಸೇರದಿದ್ದರೆ ಆ ಪೂಜೆ ನಡುವೆಯೇ ನಿಂತಂತೆ. ಕೂಲಿ ಕೊಡುವವನು ಲೆಕ್ಕ ತೋರಿಸಬೇಕು, ಪಡೆಯುವವನು ಲೆಕ್ಕ ಕೇಳಬೇಕು. ಹಾಗೆ ಕೇಳುವುದು ಜಗಳಗಂಟತನವಲ್ಲ. ಇದನ್ನು ದೇಶಕ್ಕೆ ತಿಳಿಸಿಕೊಟ್ಟವರು ರಾಜಸ್ಥಾನದ ಬಡ ಕೂಲಿಕಾರರು.

ಅಜ್ಮೇರ್ ಜಿಲ್ಲೆಯ ಹರ್ಮಾಡಾದ ಬಳಿ ಬರಪರಿಹಾರಕ್ಕೆಂದು ರಸ್ತೆ ಕೆಲಸ ನಡೆದಿತ್ತು. ಕಲ್ಲುಮಣ್ಣು ಹೊತ್ತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ದಿನಕ್ಕೆ 7 ರೂಪಾಯಿ ಕನಿಷ್ಠ ಕೂಲಿಯೆಂದು ಸರ್ಕಾರವೇ ಗೊತ್ತು ಮಾಡಿತ್ತು. ಗುಂಪಿನ ಒಟ್ಟು ಕೆಲಸ ಅಳತೆಗೆ ಬರಲಿಲ್ಲವೆಂದು ಹೇಳಿ ಕಡಿಮೆ ಕೊಟ್ಟರು. ಮೈಮುರಿದು ದುಡಿದವಳಿಗೂ ಅಷ್ಟೇ, ಮರದ ನೆರಳಲ್ಲಿ ಕುಳಿತವಳಿಗೂ ಅಷ್ಟೇ. 1981ರಲ್ಲಿ ಈ ದೂರು ಸುಪ್ರೀಂ ಕೋರ್ಟಿನ ಬಾಗಿಲು ಮುಟ್ಟಿತು. ಬರಗಾಲದ ಕೆಲಸವೆಂಬುದು ದಾನವಲ್ಲ, ಅಲ್ಲಿ ಜನ ಬೆವರು ಕೊಡುತ್ತಾರೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು 1983ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ತೀರ್ಪು ಬಂದರೂ ಹಳ್ಳಿಗಳಲ್ಲಿ ಕೂಲಿ ಸೋರುವುದು ನಿಲ್ಲಲಿಲ್ಲ. ಸರ್ಕಾರದ ದೊಡ್ಡ ಹುದ್ದೆ ಬಿಟ್ಟುಬಂದಿದ್ದ ಅರುಣಾ ರಾಯ್ ಅವರು ಶಂಕರ್ ಸಿಂಗ್, ನಿಖಿಲ್ ಡೇ ಅವರೊಡನೆ 1987ರಲ್ಲಿ ದೇವಡೂಂಗ್ರಿ ಎಂಬ ಸಣ್ಣ ಹಳ್ಳಿಯ ಮಣ್ಣಿನ ಮನೆಯಲ್ಲಿ ನೆಲೆಸಿದರು. 1990ರ ಮೇ 1ರಂದು ಭೀಮ್ ಎಂಬ ಊರಿನಲ್ಲಿ ಕೂಲಿಕಾರರೂ ರೈತರೂ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಅವರು ಕೇಳಿದ್ದು ಒಂದೇ: “ನಮ್ಮ ಹಾಜರಿ ಪುಸ್ತಕ ನಮಗೆ ತೋರಿಸಿ.” ಅದು ಗುಟ್ಟಿನ ಕಾಗದವೆಂದು ಅಧಿಕಾರಿಗಳು ಕೊಡಲೊಲ್ಲರು.

1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾ ಎಂಬಲ್ಲಿ ಊರವರೆಲ್ಲ ಸೇರಿದ ಸಭೆಯಲ್ಲಿ, ಕಷ್ಟಪಟ್ಟು ಸಂಪಾದಿಸಿದ ಲೆಕ್ಕವನ್ನು ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಹಣ ಎತ್ತಿದ್ದುದು ಬಯಲಾಯಿತು. ಓದಲು ಬಾರದ ಜನ ಕಿವಿಯಿಂದಲೇ ಲೆಕ್ಕ ತಪಾಸಣೆ ಮಾಡಿದರು! 1996ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ಹಳ್ಳಿಗರು ಧಾನ್ಯ ತಂದರು, ಪಟ್ಟಣದವರು ನೆರವಾದರು. ಹೋರಾಟವೇ ದಾಸೋಹವಾಯಿತು. ಅಲ್ಲಿ ಎದ್ದ ದನಿ ದೇಶದೆಲ್ಲೆಡೆ ಹಬ್ಬಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದಿತು. ಅದೇ ವರ್ಷ ಬಂದ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯ ಮುಂದೆ ಲೆಕ್ಕ ಒಪ್ಪಿಸುವ ನಿಯಮವೂ ಸೇರಿತು.

ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಡದಿ ಲಕ್ಕಮ್ಮ ಒಪ್ಪಲಿಲ್ಲ, ತಿರುಗಿ ಸುರಿದು ಬಾ ಎಂದಳು. ತನ್ನದಲ್ಲದ ಒಂದು ಹಿಡಿ ಅಕ್ಕಿಗೇ ಅಷ್ಟು ಅಂಜಿದ ಆ ತಾಯಿಯ ಕಥೆ ಕೇಳಿ ಬೆಳೆದವರು ನಾವು. ಇನ್ನೊಬ್ಬರ ಕೂಲಿಯಲ್ಲಿ ಹಿಡಿ ಕಾಳು ಉಳಿಸಿಕೊಳ್ಳುವುದು ನಮಗೆ ಸಲ್ಲುವುದೇ?

ಊರಿನ ಹಿರಿಯರಲ್ಲಿ ಒಂದು ಮಾತು. ಕೂಲಿಯವರು ಪಂಚಾಯಿತಿಯಲ್ಲಿ ಲೆಕ್ಕ ಕೇಳಿದಾಗ ಅವರನ್ನು ಊರು ಕೆಡಿಸುವವರೆನ್ನಬೇಡಿ. ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ನಿಮ್ಮ ಮಾತಿಗೆ ಬೆಲೆಯುಂಟು. ಅಂದೇ ಸಂಜೆ ನಿಮ್ಮ ಹೊಲದಲ್ಲಿ ಕಳೆ ತೆಗೆದ ಹೆಣ್ಣುಮಗಳ ಕೂಲಿಯನ್ನೂ ಲೆಕ್ಕ ಹಾಕಿ. ಬಾಕಿಯಿದ್ದರೆ ದೀಪ ಹಚ್ಚುವ ಮುನ್ನ ಕೊಟ್ಟುಬಿಡಿ. ಆಮೇಲೆ ಪೂಜೆಗೆ ಕುಳಿತರೆ ಮನಸ್ಸು ನಿಲ್ಲುತ್ತದೆ.