ನೈಸರ್ಗಿಕವಾದದ್ದು ಕಿಡ್ನಿಗೆ ಏನೂ ಮಾಡದೇ?

ಕರಾವಳಿಯಲ್ಲಿ ಮೀನು ಸಾರಿಗೂ ಉಪ್ಪಿನಕಾಯಿಗೂ ಬಿಂಬುಳಿ ಹಾಕುವುದು ಹೊಸತಲ್ಲ. ನಾಲ್ಕಾರು ಕಾಯಿ ಇಡೀ ಮನೆಯ ಸಾರಿಗೆ ಸಾಕು. ಆದರೆ ಕೊಲೆಸ್ಟ್ರಾಲ್ ಇಳಿಯುತ್ತದೆಂದು ಅದೇ ಕಾಯಿಯ ರಸ ಹಿಂಡಿ ಕುಡಿದ ಹತ್ತು ಮಂದಿ ಕೇರಳದಲ್ಲಿ ಕಿಡ್ನಿ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದರು. ಐದು ಆಸ್ಪತ್ರೆಗಳ ಈ ಪ್ರಕರಣಗಳನ್ನು ವೈದ್ಯರು 2013ರಲ್ಲಿ ಪ್ರಕಟಿಸಿದರು. ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು.

‘ಗಿಡದಲ್ಲಿ ಬಿಟ್ಟದ್ದು, ಏನಾದೀತು?’ ಎನ್ನುವವರು ಇದನ್ನು ಗಮನಿಸಬೇಕು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳ. ಊಟದ ಜೊತೆ ಹೊಟ್ಟೆಗೆ ಹೋದರೆ ಆಹಾರದಲ್ಲಿರುವ ಕ್ಯಾಲ್ಸಿಯಂ ಅದರ ಒಂದಷ್ಟು ಭಾಗವನ್ನು ಕರುಳಿನಲ್ಲೇ ತಡೆಯುತ್ತದೆ. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿದರೆ ಆ ತಡೆಯೂ ಇಲ್ಲ. ಆಮ್ಲ ರಕ್ತದ ಮೂಲಕ ಕಿಡ್ನಿ ತಲುಪಿ, ಅಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹರಳುಗಟ್ಟುತ್ತದೆ. ಕೂದಲೆಳೆಯಷ್ಟು ಸಪೂರವಾದ ನಾಳಗಳು ಆ ಹರಳುಗಳಿಂದ ಕಟ್ಟಿಕೊಳ್ಳುತ್ತವೆ. ಇದೇ ಜಾತಿಗೆ ಸೇರಿದ ಧಾರೆಹುಳಿಯಂತೂ ಕಿಡ್ನಿ ಕಾಯಿಲೆ ಇರುವವರಿಗೆ ವರ್ಜ್ಯ. ಒಂದೇ ಹಣ್ಣು ಅವರಲ್ಲಿ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಲ್ಲದು.

ವಿಟಮಿನ್ ಸಿ ಬಗ್ಗೆಯೂ ಇಂಥದೇ ಧೈರ್ಯ: ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಹಾನಿಯಿಲ್ಲ ಎಂಬುದು. ಹೋಗುವುದು ನಿಜ, ಆದರೆ ಸ್ವಲ್ಪ ಭಾಗ ಅದೇ ಆಕ್ಸಾಲಿಕ್ ಆಮ್ಲದ ಲವಣವಾದ ಆಕ್ಸಲೇಟ್ ಆಗಿಯೇ ಹೋಗುತ್ತದೆ. ಸ್ವೀಡನ್ನಿನ 23 ಸಾವಿರಕ್ಕೂ ಹೆಚ್ಚು ಪುರುಷರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನದಲ್ಲಿ, ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದವರಲ್ಲಿ ಕಿಡ್ನಿ ಕಲ್ಲು ಹೆಚ್ಚುಕಡಿಮೆ ಎರಡು ಪಟ್ಟು ಕಂಡಿತು. ಒಂದು ನೆಲ್ಲಿಕಾಯಿಯೋ ಸೀಬೆಹಣ್ಣೋ ತಿನ್ನುವವರು ಇದಕ್ಕೆ ಹೆದರಬೇಕಿಲ್ಲ.

ವಿಟಮಿನ್ ಡಿ ಹಾಗೆ ಹೊರಹೋಗುವುದೂ ಇಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. 60,000 ಯೂನಿಟ್‌ನ ಮಾತ್ರೆಯನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳಿಗಷ್ಟೇ ಬರೆಯುತ್ತಾರೆ. ಅದನ್ನೇ ದಿನಕ್ಕೊಂದು ನುಂಗಿದವರೂ, ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದವರೂ ಇದ್ದಾರೆ. ವಿಟಮಿನ್ ಡಿ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ವಾಂತಿ, ಮಲಬದ್ಧತೆ, ತೀರದ ದಾಹ. ಕೊನೆಗೆ ಕಿಡ್ನಿಗೇ ಪೆಟ್ಟು. ಮಾತ್ರೆ ನಿಲ್ಲಿಸಿದ ಮೇಲೂ ವಾರಗಳ ಕಾಲ ಕಾಟ ತಪ್ಪುವುದಿಲ್ಲ.

ಜಿಮ್ ಹುಡುಗರ ಕ್ರಿಯಾಟಿನ್ ಪುಡಿಯ ವಿಷಯದಲ್ಲಿ ಮಾತ್ರ ಭಯವೇ ಅತಿಯಾಗಿದೆ. ದೇಹದಲ್ಲಿ ಅದು ಕ್ರಿಯಾಟಿನಿನ್ ಆಗಿ ಬದಲಾಗುವುದರಿಂದ ಕಿಡ್ನಿಯ ರಕ್ತಪರೀಕ್ಷೆಯ ಅಂಕಿ ತುಸು ಏರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಆರೋಗ್ಯವಂತರು ದಿನಕ್ಕೆ 3ರಿಂದ 5 ಗ್ರಾಂ ಸೇವಿಸಿದರೆ ಕಿಡ್ನಿ ಕೆಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಕಿಡ್ನಿ ಮೊದಲೇ ಸೊರಗಿದ್ದರೆ ಮಾತು ಬೇರೆ. ಅಂಥವರಿಗೆ ಪ್ರೋಟೀನ್ ಪುಡಿಯೂ ಹೊರೆಯೇ.

ಸಕ್ಕರೆ ಕಾಯಿಲೆ, ಬಿಪಿ ಇರುವವರು, ಹಿಂದೆ ಕಿಡ್ನಿಯಲ್ಲಿ ಕಲ್ಲಾದವರು ಯಾವುದೇ ಪುಡಿ, ರಸ, ಮಾತ್ರೆ ಶುರುಮಾಡುವ ಮೊದಲು ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ವೈದ್ಯರು ‘ಯಾವ ಔಷಧಿ ತಗೊಳ್ತೀರಿ?’ ಎಂದು ಕೇಳಿದಾಗ ಮನೆಯಲ್ಲಿ ಕುಡಿಯುವ ರಸದ ಹೆಸರನ್ನೂ ತಪ್ಪದೆ ಹೇಳಿ.